ಬಾವಿಗೆ ಹಾರಿದಳೆಂದು ಹೇಳಿದವರು ಯಾರು?

ಮಳೆಗಾಲದಲ್ಲಿ ಕರೆಂಟು ಹೋದ ರಾತ್ರಿಗಳು ನೆನಪಿವೆಯೇ? ಜಪಸರ ಮುಗಿದಿರುತ್ತದೆ, ಊಟಕ್ಕೆ ಇನ್ನೂ ಹೊತ್ತಿರುತ್ತದೆ, ಚಿಮಿಣಿ ದೀಪದ ಸುತ್ತ ಮಕ್ಕಳೆಲ್ಲ ಒತ್ತೊತ್ತಾಗಿ ಕುಳಿತಿರುತ್ತಾರೆ. ಆಗ ಮನೆಯ ಹಿರಿಯರಲ್ಲಿ ಯಾರಾದರೊಬ್ಬರು ಆ ಮಾತು ತೆಗೆಯುತ್ತಿದ್ದರು. ಇಂಥವರ ತೋಟದ ಮೂಲೆಯ ಬಾವಿ, ಇಂಥವರ ಪಾಳುಬಿದ್ದ ಮನೆ, ಅಮಾವಾಸ್ಯೆಯ ರಾತ್ರಿ ಅಲ್ಲಿ ಕೇಳಿಸುವ ಕೊಡಪಾನದ ಸದ್ದು. ಮೀಂಜದಿಂದ ವರ್ಕಾಡಿಯವರೆಗೆ, ಪೈವಳಿಕೆಯಿಂದ ಮಂಜೇಶ್ವರದವರೆಗೆ ಇಂಥದ್ದೊಂದು ಬಾವಿಯ ಕತೆ ಇಲ್ಲದ ಊರನ್ನು ನಾನು ಕಂಡಿಲ್ಲ. ಹೆಚ್ಚುಕಡಿಮೆ ಎಲ್ಲ ಕತೆಗಳಲ್ಲೂ ಒಬ್ಬ ಹೆಣ್ಣುಮಗಳು ಇರುತ್ತಾಳೆ. ಅವಳು ಬಾವಿಗೆ ಹಾರಿರುತ್ತಾಳೆ. ಯಾಕೆ ಹಾರಿದಳು ಎಂದು ಕೇಳಿದರೆ ದೊಡ್ಡವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, "ಅದೆಲ್ಲ ನಿಮಗ್ಯಾಕೆ, ಹೋಗಿ ಕೈಕಾಲು ತೊಳೆದು ಬನ್ನಿ" ಎನ್ನುತ್ತಿದ್ದರು.

ಯಾಕೆ ಹಾರಿದಳು ಎಂದು ನಾವು ಕೇಳಿದ್ದುಂಟು. ನಿಜಕ್ಕೂ ಹಾರಿದಳೇ ಎಂದು ಕೇಳಿದ್ದಿಲ್ಲ. ಆ ಪ್ರಶ್ನೆಯನ್ನು ನನ್ನ ತಲೆಯಲ್ಲಿ ಹಾಕಿದ್ದು ಒಂದು ಸಿನಿಮಾ. ಅದೂ ಕನ್ನಡದ್ದಲ್ಲ, ಮಲಯಾಳದ್ದು. 1964ರಲ್ಲಿ ಬಂದ ಕಪ್ಪು-ಬಿಳುಪು ಚಿತ್ರ, ಹೆಸರು 'ಭಾರ್ಗವೀ ನಿಲಯಂ'.

ಸಿನಿಮಾದ ಮಟ್ಟಿಗೆ ನಮ್ಮ ಕಡೆಯವರ ಸ್ಥಿತಿ ಸ್ವಲ್ಪ ವಿಚಿತ್ರ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ರೇಶನ್ ಕಾರ್ಡು, ಪಂಚಾಯತು, ಬಸ್ಸಿನ ಬೋರ್ಡು ಎಲ್ಲವೂ ಆ ಕಡೆಗೆ ಹೋದವು. ಧರ್ಮಪ್ರಾಂತ್ಯ ಮಾತ್ರ ಮಂಗಳೂರಿನದೇ ಆಗಿ ಉಳಿಯಿತು, ಸಿನಿಮಾ ಕೂಡ ಹಾಗೆಯೇ. ರಾಜ್‌ಕುಮಾರ್ ಚಿತ್ರ ನೋಡಬೇಕಿದ್ದರೆ ನಮ್ಮ ಹಿರಿಯರು ತಲಪಾಡಿ ದಾಟಿ ಮಂಗಳೂರಿಗೆ ಹೋಗುತ್ತಿದ್ದರು. ಮಲಯಾಳಂ ಚಿತ್ರಗಳು ನಮ್ಮ ಜಗಲಿಗೆ ಬಂದದ್ದು ಟಿ.ವಿ.ಯ ಜೊತೆಗೆ. ವಾಳೆಗೆ ಒಂದೋ ಎರಡೋ ಟಿ.ವಿ. ಇದ್ದ ಕಾಲ. ಮಾಡಿನ ಮೇಲಿನ ಏಂಟೆನಾ ತಿರುಗಿಸಲು ಒಬ್ಬ, ಕೆಳಗಿನಿಂದ "ಬಂತು, ಬಂತು, ಹೋಯ್ತು" ಎಂದು ಕೂಗಲು ಇನ್ನೊಬ್ಬ. ಹಾಗೆ ಒಂದು ದಿನ ಸಗಣಿ ಸಾರಿಸಿದ ನೆಲದಲ್ಲಿ ಕುಳಿತು ನಾವೆಲ್ಲ 'ಭಾರ್ಗವೀ ನಿಲಯಂ' ನೋಡಿದೆವು. ಭೂತದ ಸಿನಿಮಾ ಎಂದು ಯಾರೋ ಹೇಳಿದ್ದರಿಂದ ಮಕ್ಕಳಿಗೆ ವಿಪರೀತ ಉತ್ಸಾಹ. ಅರ್ಧ ಗಂಟೆ ಕಳೆಯಿತು, ಮುಕ್ಕಾಲು ಗಂಟೆ ಕಳೆಯಿತು. ಒಬ್ಬ ಮನುಷ್ಯ ಖಾಲಿ ಮನೆಯಲ್ಲಿ ಒಬ್ಬನೇ ಮಾತಾಡುತ್ತಾ ತಿರುಗುತ್ತಾನೆ, ಅಷ್ಟೇ. "ಭೂತ ಎಲ್ಲಿ?" ಎಂದು ಕೇಳಿ ಕೇಳಿ ಚಿಕ್ಕವರು ಅಲ್ಲೇ ನಿದ್ದೆ ಹೋದರು. ನಾನು ನಿದ್ದೆ ಹೋಗಲಿಲ್ಲ. ಆ ರಾತ್ರಿ ಮನೆಗೆ ಬಂದ ಮೇಲೆಯೂ ಹೋಗಲಿಲ್ಲ.

ಆ ಮನುಷ್ಯ ಒಬ್ಬ ಸಾಹಿತಿ. ನಟ ಮಧು ಆ ಪಾತ್ರ ಮಾಡಿದ್ದಾರೆ. ಬರೆಯಲು ಏಕಾಂತ ಬೇಕೆಂದು ಅವನು ಹಳೆಯ ದೊಡ್ಡ ಮನೆಯೊಂದಕ್ಕೆ ವಾಸಕ್ಕೆ ಬರುತ್ತಾನೆ. ಬಂದ ಮೇಲೆಯೇ ಅವನಿಗೆ ಗೊತ್ತಾಗುವುದು, ಅದು ಊರವರೆಲ್ಲ ಹೆದರುವ ಮನೆಯೆಂದು. ಆ ಮನೆಯ ಮಗಳು ಭಾರ್ಗವಿ ಪ್ರೇಮದಲ್ಲಿ ಮೋಸಹೋಗಿ ಅಂಗಳದ ಬಾವಿಗೆ ಹಾರಿ ಸತ್ತಳಂತೆ, ಅವಳ ಪ್ರೇತ ಅಲ್ಲೇ ಇದೆಯಂತೆ. ಬೇರೆ ಯಾರಾದರೂ ಆಗಿದ್ದರೆ ಆ ರಾತ್ರಿಯೇ ಪೆಟ್ಟಿಗೆ ಹೊತ್ತು ಹೊರಡುತ್ತಿದ್ದರು. ನಮ್ಮ ಕಡೆಯ ಸಿನಿಮಾ ಆಗಿದ್ದರೆ ಮರುದಿನ ಬೆಳಿಗ್ಗೆ ಮಂತ್ರವಾದಿ ಬರುತ್ತಿದ್ದ. ಈ ಸಾಹಿತಿ ಎರಡನ್ನೂ ಮಾಡುವುದಿಲ್ಲ. ಅವನು ಕಾಣದ ಭಾರ್ಗವಿಯನ್ನು 'ಭಾರ್ಗವಿಕುಟ್ಟಿ' ಎಂದು ಕರೆದು ಮಾತಿಗೆ ತೊಡಗುತ್ತಾನೆ. 'ಕುಟ್ಟಿ' ಎಂದರೆ ಮಲಯಾಳದಲ್ಲಿ ಮಗು, ಮುದ್ದಿನ ಮಾತು. ನಾನು ಇಂಥವನು, ಬರೆಯುವುದು ನನ್ನ ಕೆಲಸ, ಇಲ್ಲಿ ಇರಲು ಬಂದಿದ್ದೇನೆ ಎಂದು ತನ್ನ ಪರಿಚಯ ಹೇಳಿಕೊಳ್ಳುತ್ತಾನೆ. ಒಂದೇ ಮನೆಯಲ್ಲಿ ಬಾಡಿಗೆಗಿರುವ ಇಬ್ಬರು ಹೊಂದಿಕೊಂಡು ಹೋಗುವ ಹಾಗೆ ಅವಳೊಡನೆ ಇದ್ದುಬಿಡುತ್ತಾನೆ.

ಈ ಮಾತುಗಳನ್ನು ಬರೆದವರು ವೈಕಂ ಮುಹಮ್ಮದ್ ಬಶೀರ್. 1908ರಲ್ಲಿ ವೈಕಂ ಬಳಿಯ ತಲಯೋಲಪ್ಪರಂಬಿನಲ್ಲಿ ಹುಟ್ಟಿ, ಕೊನೆಯ ದಶಕಗಳನ್ನು ಕಲ್ಲಿಕೋಟೆ ಹತ್ತಿರದ ಬೇಪೂರಿನಲ್ಲಿ ಕಳೆದು 1994ರಲ್ಲಿ ತೀರಿಕೊಂಡ ಈ ದೊಡ್ಡ ಕತೆಗಾರರು ಕನ್ನಡದ ಓದುಗರಿಗೂ ಅಪರಿಚಿತರಲ್ಲ. ಮ್ಯಾಂಗೋಸ್ಟೀನ್ ಮರದ ಬುಡದಲ್ಲಿ ಆರಾಮ ಕುರ್ಚಿ ಹಾಕಿ, ಗ್ರಾಮಫೋನು ಕೇಳುತ್ತಾ, ಬಂದವರಿಗೆಲ್ಲ ಚಹಾ ಕೊಡಿಸುತ್ತಿದ್ದ ಬಶೀರರ ಚಿತ್ರ ಕೇರಳದಲ್ಲಿ ಎಲ್ಲರ ಮನಸ್ಸಿನಲ್ಲಿದೆ. ಹಾವು, ಇಲಿ, ಬಾವಲಿಗಳಿಗೂ ಈ ಭೂಮಿಯಲ್ಲಿ ಹಕ್ಕಿದೆ ಎಂದು ಬರೆದವರು ಅವರು. ಹಾಗಿರುವಾಗ ಸತ್ತ ಹುಡುಗಿಯೊಬ್ಬಳಿಗೆ ತನ್ನದೇ ಮನೆಯಲ್ಲಿ ಹಕ್ಕಿಲ್ಲ ಎಂದು ಅವರು ಹೇಗೆ ಹೇಳಿಯಾರು?

ನಿರ್ದೇಶಕರು ಎ. ವಿನ್ಸೆಂಟ್, ಪೂರ್ತಿ ಹೆಸರು ಅಲೋಷಿಯಸ್ ವಿನ್ಸೆಂಟ್. ಕಲ್ಲಿಕೋಟೆಯಲ್ಲಿ 1928ರಲ್ಲಿ ಹುಟ್ಟಿದ ಕ್ರೈಸ್ತರು. 1954ರ ಪ್ರಸಿದ್ಧ 'ನೀಲಕ್ಕುಯಿಲ್' ಚಿತ್ರಕ್ಕೆ ಕ್ಯಾಮರಾ ಹಿಡಿದವರು ಅವರೇ. ನಿರ್ದೇಶಕರಾಗಿ ಇದು ಅವರ ಮೊದಲ ಚಿತ್ರ. ಮುಂದೆ 1968ರಲ್ಲಿ 'ತುಲಾಭಾರಂ', 1969ರಲ್ಲಿ ಕ್ರೈಸ್ತ ಕುಟುಂಬಗಳ ಕತೆಯಾದ 'ನದಿ' ಮಾಡಿದರು. 2015ರಲ್ಲಿ ಚೆನ್ನೈಯಲ್ಲಿ ನಿಧನರಾದರು. ಒಬ್ಬ ಮುಸ್ಲಿಂ ಬರೆದು, ಒಬ್ಬ ಕ್ರೈಸ್ತ ನಿರ್ದೇಶಿಸಿದ ಹಿಂದೂ ಹೆಣ್ಣುಮಗಳ ಕತೆ ಎಂದು ಈಗಿನವರು ಇದನ್ನು ವಿಶೇಷವಾಗಿ ಹೇಳುತ್ತಾರೆ. ಯೇಸುವಿನ ಶಿಲುಬೆ ಮರಣದ ಕುರಿತು 'ಗೊಲ್ಗೊಥಾ' ಕಾವ್ಯ ಬರೆದ ಗೋವಿಂದ ಪೈಗಳ ಮಂಜೇಶ್ವರದ ಪಕ್ಕದಲ್ಲಿರುವ ನಮಗೆ ಇದು ಅಷ್ಟೊಂದು ಆಶ್ಚರ್ಯ ಅನ್ನಿಸಬೇಕಾಗಿಲ್ಲ.

ಹಾಡುಗಳ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋದರೆ ಮಲಯಾಳ ಬಲ್ಲ ಓದುಗರು ನನ್ನನ್ನು ಬಿಡಲಿಕ್ಕಿಲ್ಲ. ಪಿ. ಭಾಸ್ಕರನ್ ಬರೆದು, ಎಂ.ಎಸ್. ಬಾಬುರಾಜ್ ರಾಗ ಹಾಕಿದ ಹಾಡುಗಳಿವು. ಅದರಲ್ಲೂ ಆಗ ಇಪ್ಪತ್ತರ ಹರೆಯದಲ್ಲಿದ್ದ ಯೇಸುದಾಸ್ ಹಾಡಿದ 'ತಾಮಸಮೆಂದೇ ವರುವಾನ್' ಇಂದಿಗೂ ಗಾನಮೇಳಗಳಲ್ಲಿ ಕೇಳಿಬರುತ್ತದೆ. ಭಾರ್ಗವಿಯಾಗಿ ವಿಜಯ ನಿರ್ಮಲಾ, ಅವಳ ಪ್ರಿಯಕರ ಶಶಿಕುಮಾರನಾಗಿ ಪ್ರೇಂ ನಜೀರ್. ಪಪ್ಪು ಎಂಬ ಹಾಸ್ಯನಟರನ್ನು ಟಿ.ವಿ.ಯಲ್ಲಿ ನೋಡದವರಿಲ್ಲ. ಅವರ 'ಕುದಿರವಟ್ಟಂ ಪಪ್ಪು' ಎಂಬ ಹೆಸರು ಈ ಚಿತ್ರದಲ್ಲಿ ಬಶೀರರು ಕೊಟ್ಟ ಪಾತ್ರದ ಹೆಸರೇ. ಕುದಿರವಟ್ಟಂ ಎಂದರೆ ಕಲ್ಲಿಕೋಟೆಯಲ್ಲಿ ಮಾನಸಿಕ ಆಸ್ಪತ್ರೆ ಇರುವ ಜಾಗ. ಅಂಥ ಹೆಸರನ್ನು ಆ ಮಹಾನುಭಾವರು ಜೀವನಪೂರ್ತಿ ನಗುನಗುತ್ತಾ ಹೊತ್ತುಕೊಂಡರು.

ಇನ್ನು ವಿಷಯಕ್ಕೆ ಬರೋಣ.

ಕತೆಯಲ್ಲಿ ಇಲ್ಲದ್ದು, ಸಿನಿಮಾದಲ್ಲಿ ಇದ್ದದ್ದು

ಬಶೀರರು ಮೊದಲು ಇದನ್ನು 'ನೀಲವೆಳಿಚ್ಚಂ' ಎಂಬ ಸಣ್ಣಕತೆಯಾಗಿ ಬರೆದಿದ್ದರು. 'ನೀಲಿ ಬೆಳಕು' ಎಂದು ಅರ್ಥ. ಅದರಲ್ಲಿ ನಡೆಯುವುದು ಬಹಳ ಕಡಿಮೆ. ಒಂದು ರಾತ್ರಿ ಬರೆಯುತ್ತಿರುವಾಗ ಚಿಮಿಣಿ ಎಣ್ಣೆ ಮುಗಿದು ದೀಪ ಆರುತ್ತದೆ. ಎಣ್ಣೆ ತರಲು ಸ್ನೇಹಿತರ ಮನೆಗೆ ಹೋಗಿ ಬಂದು ನೋಡಿದರೆ, ಮುಚ್ಚಿದ ಕೋಣೆಯ ತುಂಬ ನೀಲಿ ಬೆಳಕು. ಯಾರು ಹಚ್ಚಿದರು? ಉತ್ತರವಿಲ್ಲ, ಕತೆ ಅಲ್ಲಿಗೆ ಮುಗಿಯುತ್ತದೆ. ಭಾರ್ಗವಿ ಬಾವಿಗೆ ಹಾರಿದಳೆಂಬ ಊರವರ ಮಾತನ್ನು ಆ ಕತೆ ಹಾಗೆಯೇ ಇಟ್ಟುಕೊಳ್ಳುತ್ತದೆ.

ಚಿತ್ರಕಥೆ ಬರೆಯಲು ಕುಳಿತಾಗ ಬಶೀರರು ಅಲ್ಲಿಗೆ ನಿಲ್ಲಲಿಲ್ಲ. ಚಿತ್ರ ನೋಡದವರು ಕ್ಷಮಿಸಬೇಕು, ಮುಂದಿನದನ್ನು ಹೇಳದೆ ನನ್ನ ಮಾತು ಮುಂದೆ ಹೋಗುವುದಿಲ್ಲ. ಸಾಹಿತಿ ಭಾರ್ಗವಿಯ ಕತೆ ಬರೆಯಲು ತೊಡಗುತ್ತಾನೆ. ಬರೆಯುತ್ತಾ ಹೋದ ಹಾಗೆ, ಕೇಳುತ್ತಾ ಹೋದ ಹಾಗೆ, ಊರವರು ಹೇಳಿದ ಕತೆಗೂ ನಡೆದದ್ದಕ್ಕೂ ತಾಳೆಯಾಗುವುದಿಲ್ಲ. ಶಶಿಕುಮಾರ ಅವಳಿಗೆ ಮೋಸ ಮಾಡಿದವನಲ್ಲ. ರೈಲಿನಲ್ಲಿ ಅವನಿಗೆ ವಿಷ ಕೊಟ್ಟು ಕೊಂದವನು ಭಾರ್ಗವಿಯ ಸಂಬಂಧಿಕನೇ ಆದ ನಾಣುಕುಟ್ಟನ್; ಪಿ.ಜೆ. ಆಂಟನಿ ಆ ಪಾತ್ರವನ್ನು ನೋಡಿದವರು ಮರೆಯದಂತೆ ಮಾಡಿದ್ದಾರೆ. ತನ್ನನ್ನು ಒಲ್ಲೆನೆಂದ ಭಾರ್ಗವಿಯನ್ನು ಬಾವಿಗೆ ತಳ್ಳಿದವನೂ ಅವನೇ. ತಳ್ಳಿದ ಮೇಲೆ, ಪಾಪ, ಹುಡುಗಿ ಹಾರಿಬಿಟ್ಟಳು ಎಂಬ ಮಾತು ಊರಿಗೆ ಹಬ್ಬಿತು. ಊರು ಅದನ್ನು ನಂಬಿತು. ನಂಬಿದ್ದು ಮಾತ್ರವಲ್ಲ, ಅದಕ್ಕೆ ಕೈಕಾಲು ಜೋಡಿಸಿ, ಬಿಳಿ ಸೀರೆ ಉಡಿಸಿ, ಪ್ರೇತ ಮಾಡಿ ಕೂರಿಸಿತು. ಕೊಂದವನು ಹಗಲು ಹೊತ್ತಿನಲ್ಲಿ ಎಲ್ಲರ ನಡುವೆ ಓಡಾಡಿಕೊಂಡಿದ್ದ. ಅವನನ್ನು ಕಂಡರೆ ಯಾರಿಗೂ ಭಯವಿರಲಿಲ್ಲ. ಭಯವೆಲ್ಲ ಸತ್ತವಳ ಮೇಲೆ.

ಚಿತ್ರ ಅಷ್ಟು ನಿಧಾನ ಯಾಕೆ ಎಂದು ನನಗೆ ದೊಡ್ಡವನಾಗಿ ಎರಡನೆಯ ಸಲ ನೋಡಿದಾಗ ಅರ್ಥವಾಯಿತು. ಈಗಿನ ಭಯಾನಕ ಚಿತ್ರಗಳಲ್ಲಿ ಎರಡು ನಿಮಿಷಕ್ಕೊಮ್ಮೆ ಕಿವಿ ಒಡೆಯುವ ಸದ್ದು ಬರುತ್ತದೆ, ಕನ್ನಡಿಯಲ್ಲಿ ಮುಖ ಕಾಣುತ್ತದೆ. ನಾವು ಬೆಚ್ಚುತ್ತೇವೆ, ನಗುತ್ತೇವೆ, ಮರೆಯುತ್ತೇವೆ. ಇಲ್ಲಿ ಹಾಗೆ ಬೆಚ್ಚಿಸುವ ಆತುರ ಯಾರಿಗೂ ಇಲ್ಲ. ಒಬ್ಬ ಮನುಷ್ಯ ಒಂದು ಮನೆಯಲ್ಲಿ ಸುಮ್ಮನೆ ಇರುತ್ತಾನೆ, ಆ ಮನೆಗೆ ಅವನ ಪರಿಚಯವಾಗುವವರೆಗೆ ಇರುತ್ತಾನೆ. ಸಾವಿನ ಮನೆಗೆ ಹೋದಾಗ ನಮ್ಮ ಹಿರಿಯರು ಮಾಡುತ್ತಿದ್ದದ್ದೂ ಅದೇ ಅಲ್ಲವೇ? ಏನೂ ಕೇಳದೆ ಹೊತ್ತುಗಟ್ಟಲೆ ಕುಳಿತಿರುತ್ತಿದ್ದರು. ಕೊನೆಗೆ ಮನೆಯವರೇ ಬಾಯಿ ಬಿಡುತ್ತಿದ್ದರು.

ಕಪ್ಪು-ಬಿಳುಪು ಚಿತ್ರದಲ್ಲಿ ನೀಲಿ ಬೆಳಕನ್ನು ತೋರಿಸುವುದು ಹೇಗೆ? ತೋರಿಸಲು ಸಾಧ್ಯವಿಲ್ಲ. ಆದರೂ ಆ ದಿನ ಜಗಲಿಯಲ್ಲಿ ನೋಡಿದ ನನಗೆ ಅದು ನೀಲಿಯಾಗಿಯೇ ಕಂಡಿತ್ತು. 2023ರ ಏಪ್ರಿಲ್‌ನಲ್ಲಿ ಆಶಿಕ್ ಅಬು ಇದೇ ಚಿತ್ರಕಥೆಯನ್ನು 'ನೀಲವೆಳಿಚ್ಚಂ' ಹೆಸರಿನಲ್ಲಿ ಬಣ್ಣದಲ್ಲಿ ಮತ್ತೆ ಮಾಡಿದರು. ಟೊವಿನೋ ಥಾಮಸ್ ಸಾಹಿತಿ, ರೀಮಾ ಕಲ್ಲಿಂಗಲ್ ಭಾರ್ಗವಿ. ಅದರಲ್ಲಿ ನೀಲಿ ಚೆನ್ನಾಗಿಯೇ ಕಾಣುತ್ತದೆ. ನನಗೇಕೋ ಹಳೆಯದೇ ಹೆಚ್ಚು ನೀಲಿ.

ಎಲ್ಲವೂ ಮೆಚ್ಚಿಗೆಯಾಯಿತೆಂದು ಹೇಳಲಾರೆ. ಕೊನೆಯಲ್ಲಿ ಸಾಹಿತಿ ತಾನು ಬರೆದದ್ದನ್ನು ಓದುತ್ತಾನೆ. ತನ್ನ ಅಪರಾಧ ಹೊರಬಿತ್ತೆಂದು ನಾಣುಕುಟ್ಟನ್ ಅವನನ್ನೂ ಕೊಲ್ಲಲು ಬರುತ್ತಾನೆ, ಬಾವಿಕಟ್ಟೆಯ ಬಳಿ ಹೊಡೆದಾಟವಾಗುತ್ತದೆ, ಅದೇ ಬಾವಿ ಅವನನ್ನು ನುಂಗುತ್ತದೆ. ಜನ ಚಪ್ಪಾಳೆ ಹೊಡೆಯುತ್ತಾರೆ, ಸಿನಿಮಾಕ್ಕೆ ಅದು ಬೇಕು. ಆದರೆ ಅಷ್ಟು ಹೊತ್ತು ಒಬ್ಬ ಸತ್ತವಳ ಮಾತನ್ನು ತಾಳ್ಮೆಯಿಂದ ಕೇಳಿದ ಚಿತ್ರ, ಬದುಕಿರುವ ಪಾಪಿಯ ಬಾಯಿಂದ ಒಂದು ಮಾತು ಹೊರಡುವುದಕ್ಕೆ ಎರಡು ನಿಮಿಷ ಕೊಡಲಿಲ್ಲವಲ್ಲ ಎಂದು ನನಗೆ ಬೇಸರ. ಪಾಪಸಂಕೀರ್ತನೆಯ ಪೀಠದ ಮುಂದೆ ಮೊಣಕಾಲೂರಿ ಬೆಳೆದವರಿಗೆ ಹಾಗೆ ಅನ್ನಿಸುವುದು ಸಹಜ.

ಓಡಿಸುವುದೋ, ಬಡಿಸುವುದೋ

ಕನ್ನಡದಲ್ಲಿ ನಮ್ಮ ತಲೆಮಾರನ್ನು ಹೆದರಿಸಿದ ಚಿತ್ರ 1979ರ 'ನಾ ನಿನ್ನ ಬಿಡಲಾರೆ'. ಅನಂತನಾಗ್, ಲಕ್ಷ್ಮಿ ನಟಿಸಿದ್ದು, ರಾಜನ್-ನಾಗೇಂದ್ರರ ಸಂಗೀತ. ಸತ್ತ ಹೆಣ್ಣಿನ ಆತ್ಮ ನಾಯಕನ ಮೈಮೇಲೆ ಬರುತ್ತದೆ, ಮಂತ್ರಾಲಯದ ರಾಘವೇಂದ್ರ ಸ್ವಾಮಿಗಳ ಮೇಲಿನ ಹೆಂಡತಿಯ ಭಕ್ತಿ ಅವನನ್ನು ಉಳಿಸುತ್ತದೆ. ಅನಂತನಾಗ್ ಅವರ ಆ ಕಣ್ಣುಗಳನ್ನು ನೆನೆದರೆ ಈಗಲೂ ಹಿತ್ತಲಿಗೆ ಒಬ್ಬನೇ ಹೋಗಲು ಮನಸ್ಸಾಗುವುದಿಲ್ಲ. ಅಮೆರಿಕದ 'ದಿ ಎಕ್ಸಾರ್ಸಿಸ್ಟ್' ಬಂದದ್ದು 1973ರಲ್ಲಿ. ವಿಲಿಯಂ ಪೀಟರ್ ಬ್ಲಾಟಿ ಎಂಬ ಕಥೊಲಿಕ ಲೇಖಕ 1971ರಲ್ಲಿ ಬರೆದ ಕಾದಂಬರಿ ಅದರ ಮೂಲ. ಯೇಸುಸಭೆಯ ನಿಜವಾದ ಗುರುಗಳೇ ಅದರಲ್ಲಿ ನಟಿಸಿದ್ದಾರೆ. ಅದೂ ನಿಧಾನದ ಚಿತ್ರವೇ. ಒಂದು ಸಾವಿನ ತನಿಖೆಗೆ ಪತ್ತೇದಾರನೊಬ್ಬ ಬರುತ್ತಾನೆ, ವೈದ್ಯರು ಪರೀಕ್ಷೆಯ ಮೇಲೆ ಪರೀಕ್ಷೆ ಮಾಡುತ್ತಾರೆ, ಅದೆಲ್ಲ ಆದ ಮೇಲೆಯೇ ಗುರುಗಳ ಪ್ರಾರ್ಥನೆ. ಈ ಒಂದು ವಿಷಯದಲ್ಲಿ ಅದು ಧರ್ಮಸಭೆಯ ಕ್ರಮಕ್ಕೆ ಹತ್ತಿರವಾಗಿದೆ. ಧರ್ಮಾಧ್ಯಕ್ಷರ ವಿಶೇಷ ಅನುಮತಿಯಿಲ್ಲದೆ ಯಾವ ಗುರುವೂ ಆ ವಿಧಿಯನ್ನು ನಡೆಸುವಂತಿಲ್ಲ. ಕಾಯಿಲೆಯೋ ಅಲ್ಲವೋ ಎಂಬುದು ಮೊದಲು ತಿಳಿಯಬೇಕು.

ಈ ಎರಡೂ ಚಿತ್ರಗಳಲ್ಲಿ ಬಂದದ್ದನ್ನು ಓಡಿಸುವುದೇ ಕೆಲಸ. ಸೈತಾನನ ಮಾತಾದರೆ ಓಡಿಸಬೇಕಾದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸತ್ತ ಮನುಷ್ಯರ ವಿಷಯದಲ್ಲಿ ನಮ್ಮ ತುಳುನಾಡಿನ ರೀತಿ ಬೇರೆಯೇ ಇದೆ. ನಮ್ಮ ನೆರೆಮನೆಯ ತುಳುವರು ಸತ್ತವರನ್ನು 'ಕುಲೆ' ಎನ್ನುತ್ತಾರೆ. ಆಟಿ ತಿಂಗಳಲ್ಲಿ ಕುಲೆಗಳಿಗೆ ಎಲೆ ಹಾಕಿ, ಅವರು ಬದುಕಿದ್ದಾಗ ಇಷ್ಟಪಡುತ್ತಿದ್ದದ್ದನ್ನು ಮಾಡಿ ಬಡಿಸುತ್ತಾರೆ. ಮದುವೆಯಾಗದೆ ತೀರಿಹೋದ ಮಕ್ಕಳಿಗೆ ವರ್ಷಗಳ ನಂತರ ಹೆಣ್ಣು-ಗಂಡು ನೋಡಿ ಪ್ರೇತ ಮದುವೆ ಮಾಡಿಸುವುದೂ ಉಂಟು. 2022ರ ಜುಲೈಯಲ್ಲಿ ದಕ್ಷಿಣ ಕನ್ನಡದ ಅಂಥದ್ದೊಂದು ಮದುವೆಯ ಸುದ್ದಿ ದೇಶದ ಪತ್ರಿಕೆಗಳಲ್ಲೆಲ್ಲ ಬಂದು, ಓದಿದವರು ಬೆರಗಾದರು. ನಮ್ಮ ವಿಶ್ವಾಸ ಅದನ್ನು ಒಪ್ಪುವುದಿಲ್ಲ, ಅದು ಬೇರೆ. ಆದರೆ ಆ ಎಲೆಯ ಮುಂದೆ ಕುಳಿತ ತಾಯಿಯ ಮುಖದಲ್ಲಿ ಹೆದರಿಕೆ ಇರುವುದಿಲ್ಲ ಎಂಬುದನ್ನು ನಾನು ಕಂಡಿದ್ದೇನೆ. ನಾವು ನವೆಂಬರ್ 2ರಂದು ಸಮಾಧಿಗೆ ಹೂವಿಟ್ಟು ಮೇಣದಬತ್ತಿ ಹಚ್ಚುವಾಗ ನಮ್ಮ ಮುಖವೂ ಹಾಗೆಯೇ ಇರುತ್ತದೆ.

ಹೀಗೆ ಬಶೀರರ ಸಾಹಿತಿ ನಮ್ಮ ಈ ಮಣ್ಣಿಗೆ ಹೊರಗಿನವನಲ್ಲ. ಅವನು ಭಾರ್ಗವಿಯನ್ನು ಓಡಿಸಲಿಲ್ಲ. ಕೂರಿಸಿ ಕೇಳಿದ.

ಪಾಗಾರದ ಆಚೆ

ಭಾರ್ಗವಿ ನಮ್ಮ ಧರ್ಮದವಳಾಗಿದ್ದರೆ ಏನಾಗುತ್ತಿತ್ತು? ಚಿತ್ರ ಬಂದ 1964ರಲ್ಲಿ ಧರ್ಮಸಭೆಯಲ್ಲಿ ಜಾರಿಯಲ್ಲಿದ್ದದ್ದು 1917ರ ಕಾನೂನು ಸಂಹಿತೆ. ಬೇಕೆಂದೇ ಪ್ರಾಣ ಕಳೆದುಕೊಂಡವರಿಗೆ, ಸಾಯುವ ಮುನ್ನ ಪಶ್ಚಾತ್ತಾಪದ ಗುರುತು ತೋರಿಸದಿದ್ದರೆ, ಧರ್ಮಸಭೆಯ ಅಂತ್ಯವಿಧಿ ಇಲ್ಲವೆಂದು ಅದರಲ್ಲಿತ್ತು. ಈಗಿನ ಮಕ್ಕಳಿಗೆ ಇದು ಗೊತ್ತಿಲ್ಲ, ಹಿರಿಯರಿಗೆ ಚೆನ್ನಾಗಿ ಗೊತ್ತು. ಬಲಿಪೂಜೆಯಿಲ್ಲ, ಗಂಟೆಯಿಲ್ಲ, ಸಿಮಿಸ್ತ್ರಿಯ ಪಾಗಾರದ ಆಚೆ ಒಂದು ಗುಂಡಿ.

ಆದರೆ ಅದೇ ಕಾನೂನಿನಲ್ಲಿ ಇನ್ನೂ ಒಂದು ಮಾತಿತ್ತು. ಸಂದೇಹವಿದ್ದರೆ ಸಮಯವಿದ್ದಾಗ ಧರ್ಮಾಧ್ಯಕ್ಷರನ್ನು ಕೇಳಬೇಕು, ಆಮೇಲೂ ಸಂದೇಹ ಉಳಿದರೆ ಸಮಾಧಿ ಕೊಡಬೇಕು ಎಂದು. ಅಂದರೆ ಕಾನೂನು ಸಂದೇಹಕ್ಕೆ ಜಾಗ ಬಿಟ್ಟಿತ್ತು. ಸಂದೇಹವೇ ಇಲ್ಲದವರು ನಾವು, ಊರಿನ ಜನ. ಬಾವಿಕಟ್ಟೆಯಲ್ಲಿ ನಿಂತ ನಾಲ್ಕು ಮಂದಿ "ಹಾರಿದಳು" ಎಂದರೆ ಮುಗಿಯಿತು. ಆ ಒಂದು ಶಬ್ದ ಒಬ್ಬಳನ್ನು ಪಾಗಾರದ ಯಾವ ಮಗ್ಗುಲಿನಲ್ಲಿ ಮಲಗಿಸಬೇಕೆಂಬುದನ್ನೂ ತೀರ್ಮಾನಿಸುತ್ತಿತ್ತು. ಅವಳ ತಂಗಿಯಂದಿರ ಮದುವೆಯನ್ನೂ ತೀರ್ಮಾನಿಸುತ್ತಿತ್ತು.

1983ರ ಹೊಸ ಸಂಹಿತೆಯಲ್ಲಿ ಅಂತ್ಯವಿಧಿ ನಿರಾಕರಿಸಬೇಕಾದವರ ಪಟ್ಟಿಯಿಂದ ಆತ್ಮಹತ್ಯೆ ಮಾಡಿಕೊಂಡವರನ್ನು ಕೈಬಿಡಲಾಯಿತು. 1992ರ ಧರ್ಮೋಪದೇಶ ಗ್ರಂಥ ಇನ್ನೂ ಮುಂದೆ ಹೋಗಿ, ತೀವ್ರ ಮಾನಸಿಕ ವೇದನೆ, ಭಯ, ಹಿಂಸೆಗಳು ಅಂಥವರ ಹೊಣೆಯನ್ನು ಕಡಿಮೆ ಮಾಡಬಲ್ಲವೆಂದೂ, ಅವರ ರಕ್ಷಣೆಯ ಬಗ್ಗೆ ನಾವು ನಿರಾಶರಾಗಬಾರದೆಂದೂ, ದೇವರಿಗೆ ಮಾತ್ರ ಗೊತ್ತಿರುವ ದಾರಿಯಲ್ಲಿ ಅವರಿಗೂ ಪಶ್ಚಾತ್ತಾಪಕ್ಕೆ ಅವಕಾಶ ಸಿಗಬಹುದೆಂದೂ ಹೇಳಿತು. ಧರ್ಮಸಭೆ ಅವರಿಗಾಗಿ ಪ್ರಾರ್ಥಿಸುತ್ತದೆ ಎಂದೂ ಸ್ಪಷ್ಟವಾಗಿ ಹೇಳಿತು. ಕಾನೂನು ಬದಲಾಗಿ ಇಷ್ಟು ವರ್ಷಗಳಾದವು. ನಮ್ಮ ಜಗಲಿಯ ಕತೆಗಳು ಮಾತ್ರ 1917ರಲ್ಲೇ ಇವೆ.

ಮೊಬೈಲಿನಲ್ಲಿ 'ಭಾರ್ಗವೀ ನಿಲಯಂ' ಹಾಕಿ ಕಳೆದ ಮಳೆಗಾಲದಲ್ಲಿ ನನ್ನ ಅಮ್ಮನಿಗೆ ತೋರಿಸಿದೆ. ಮಕ್ಕಳೂ ಕುಳಿತಿದ್ದರು. ಮಕ್ಕಳಿಗೆ ತೋರಿಸಬಹುದೇ ಎಂದು ಕೇಳುವ ತಂದೆತಾಯಿಗಳಿಗೆ ಹೇಳುತ್ತೇನೆ, ಹತ್ತು-ಹನ್ನೆರಡು ದಾಟಿದವರಿಗೆ ಧಾರಾಳವಾಗಿ ತೋರಿಸಿ, ಪಕ್ಕದಲ್ಲಿ ನೀವೂ ಕುಳಿತಿರಿ. ಈಗಿನ ಚಿತ್ರಗಳ ರಕ್ತಪಾತ ಇದರಲ್ಲಿಲ್ಲ. ಹುಡುಗರಿಗೆ ಆಗುವುದು ಹೆದರಿಕೆಗಿಂತ ಹೆಚ್ಚಾಗಿ ಆಕಳಿಕೆ.

ಅಮ್ಮನಿಗೆ ಮಲಯಾಳ ಅಷ್ಟಾಗಿ ಬರುವುದಿಲ್ಲ, ನಾನು ನಡುನಡುವೆ ಹೇಳುತ್ತಿದ್ದೆ. ಬಾವಿಯ ದೃಶ್ಯ ಬಂದಾಗ ಅವರು ಕೈಯಲ್ಲಿದ್ದ ಬೀಡಿ ಎಲೆಯನ್ನು ಸೂಪಿನಲ್ಲಿಟ್ಟು ಸುಮ್ಮನಾದರು. ಚಿತ್ರ ಮುಗಿದು ಮಕ್ಕಳು ಎದ್ದುಹೋದ ಮೇಲೂ ಕುಳಿತೇ ಇದ್ದರು. ಅವರ ತವರೂರಿನಲ್ಲಿ, ಅದು ಇಲ್ಲಿಂದ ದೂರ, ಅಂಥದ್ದೊಂದು ಬಾವಿಯ ಕತೆ ನಮಗೆ ಅವರೇ ಹೇಳಿದ್ದರು. ಬೇಸಿಗೆ ರಜೆಯಲ್ಲಿ ಹೋದಾಗ ನಾವು ಮಕ್ಕಳು ಆ ಬಾವಿಗೆ ಕಲ್ಲೆಸೆದು, ಸದ್ದು ಮೇಲೆ ಬರುವ ಮೊದಲೇ ಓಡುತ್ತಿದ್ದೆವು.

"ಆ ಹೆಂಗಸು ಹಾರಿದ್ದನ್ನು ನೀವು ಕಂಡಿದ್ದೀರಾ ಅಮ್ಮಾ?" ಎಂದು ಕೇಳಿದೆ.

"ನಾನು ಎಲ್ಲಿ ಕಾಣುವುದು ಮಗಾ? ನನಗಾಗ ಎಂಟೋ ಒಂಬತ್ತೋ. ಎಲ್ಲರೂ ಹೇಳಿದರು, ನಾನೂ ಹೇಳಿದೆ."

ಸ್ವಲ್ಪ ಹೊತ್ತಾಯಿತು. ಮಾಡಿನಿಂದ ನೀರು ಇಳಿಯುತ್ತಿತ್ತು.

"ಆ ಬಾವಿಗೆ ಆಗ ಕಟ್ಟೆ ಇರಲಿಲ್ಲ," ಎಂದರು. "ಅಡ್ಡಕ್ಕೆ ಎರಡು ಅಡಿಕೆ ಮರದ ಸಲಾಕೆ, ಅದರ ಮೇಲೆ ಕಾಲಿಟ್ಟು ನೀರು ಎಳೆಯಬೇಕು. ಆಟಿಯ ಮಳೆ, ಹಾವಸೆ. ಅವಳ ಕೊಡಪಾನವೂ ಬಾವಿಯೊಳಗೇ ಸಿಕ್ಕಿತಂತೆ. ಹಾರುವವಳು ಕೊಡಪಾನ ಯಾಕೆ ತೆಗೆದುಕೊಂಡು ಹೋಗುತ್ತಾಳೆ?"

ಎಪ್ಪತ್ತು ವರ್ಷ ಆ ಕೊಡಪಾನ ಅಮ್ಮನ ನೆನಪಿನಲ್ಲೇ ಇತ್ತು. ಅದರ ಬಗ್ಗೆ ಯಾರೂ ಕೇಳಿರಲಿಲ್ಲ. ಅಮಾವಾಸ್ಯೆಯ ರಾತ್ರಿ ಕೊಡಪಾನದ ಸದ್ದು ಕೇಳಿಸುತ್ತದೆಂದು ಮಾತ್ರ ಎಲ್ಲರೂ ಹೇಳುತ್ತಿದ್ದರು.

ಜಾರಿ ಬಿದ್ದಳೋ, ಹಾರಿದಳೋ, ಯಾರಾದರೂ ತಳ್ಳಿದರೋ ಇನ್ನು ಹೇಳುವವರಿಲ್ಲ. ಅವಳನ್ನು ಪಾಗಾರದ ಹೊರಗೆ ಮಲಗಿಸಿದ್ದರು. ಮುಂದೆ ಸಿಮಿಸ್ತ್ರಿಯನ್ನು ಅಗಲ ಮಾಡಿ ಹೊಸ ಪಾಗಾರ ಕಟ್ಟುವಾಗ ಆ ಜಾಗ ತಾನಾಗಿಯೇ ಒಳಗೆ ಬಂತಂತೆ. ಗುರುತಿಗೆ ಕಲ್ಲಿಲ್ಲ, ಶಿಲುಬೆಯಿಲ್ಲ. ಒಂದು ಗೇರು ಮರವಿದೆಯೆಂದು ಅಮ್ಮ ಹೇಳಿದರು.

ಅಕ್ಟೋಬರ್ ಕೊನೆಯಲ್ಲಿ ನಮ್ಮ ವಾಳೆಯ ಗುರ್ಕಾರರು ಮೃತರ ಹೆಸರಿನ ಪಟ್ಟಿ ಬರೆದುಕೊಳ್ಳಲು ಮನೆಗೆ ಬಂದರು. ಅಮ್ಮ ತನ್ನ ತಂದೆ-ತಾಯಿ, ಅತ್ತೆ-ಮಾವ, ನನ್ನ ಅಪ್ಪ, ಎಲ್ಲರ ಹೆಸರು ಹೇಳಿದರು. ಗುರ್ಕಾರರು ಪೆನ್ನು ಮುಚ್ಚುವ ಹೊತ್ತಿಗೆ "ಇನ್ನೊಂದು ಹೆಸರುಂಟು, ಬರೆಯಿರಿ" ಎಂದು ಒಂದು ಹೆಸರು ಹೇಳಿದರು. ನಾನು ಆ ಹೆಸರನ್ನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಅಷ್ಟು ವರ್ಷ ನಮಗೆ ಅವಳು ಬರೀ 'ಬಾವಿಗೆ ಹಾರಿದವಳು'.

"ಇದು ಯಾರು, ನಿಮ್ಮ ಕುಟುಂಬದವರಾ?" ಎಂದು ಗುರ್ಕಾರರು ಕೇಳಿದರು.

"ನಮ್ಮ ಊರಿನವಳು," ಎಂದರು ಅಮ್ಮ.